ಚೇರಿಂಗ್ ಕ್ರಾಸ್ ಅಂಗಡಿಯ ನಕಾಶೆಯಲ್ಲಿ ಧಾರವಾಡ

ಬೇಲೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ಚೆನ್ನಕೇಶವ. ಧಾರವಾಡದಿಂದ ತೇಗೂರು, ಕಿತ್ತೂರುಗಳ ಕಡೆಗೆ ಬೆಳಗಾವಿ ಹೆದ್ದಾರಿ ಹಿಡಿದವರಿಗೆ ಮಾತ್ರ ಈ ಬೇಲೂರು ಗೊತ್ತು. ಇಲ್ಲಿ ಶಿಲಾಬಾಲಿಕೆಯರಿಲ್ಲ. ಶೆಡ್ಡುಗಳಿವೆ, ಲೇತುಗಳಿವೆ, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಜನರಿದ್ದಾರೆ. ಒಂದೇ ಹೆಸರಿನ ಎರಡು ಊರು, ಒಂದೇ ಊರಿಗೆ ನಾಲ್ಕು ಕಾಗುಣಿತ, ರಾಜ್ಯ ಅಳಿದ ಮೇಲೂ ಅಳಿಯದ ಅದರ ಹೆಸರು: ಇವೆಲ್ಲ ನಕಾಶೆ ಮಾಡುವವನನ್ನು ಕಾಡುವ ಹಳೆಯ ಪೀಡೆಗಳು. ಅಂಥ ಒಬ್ಬ ನಕಾಶೆಗಾರನ ಅಂಗಡಿಯನ್ನೂ ಆತನ ಒಂದು ನಕಾಶೆಯನ್ನೂ ಇವತ್ತು ನೋಡಬಹುದು.

ಮೊದಲು ‘ನಕಾಶೆ’ ಎಂಬ ಮಾತು. ಇದರ ಮೂಲದಲ್ಲಿರುವ ಅರಬ್ಬಿಯ ‘ನಕ್ಶ್’ ಎಂಬುದಕ್ಕೆ ಕೆತ್ತನೆ, ಚಿತ್ತಾರ ಎಂಬ ಅರ್ಥಗಳಿವೆ. ಲೋಹದ ಜೊತೆ ದಿನ ಕಳೆಯುವ ಈ ಪ್ರದೇಶದ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇನ್ನೂರು ವರ್ಷದ ಹಿಂದಿನ ನಕಾಶೆ ಹುಟ್ಟುತ್ತಿದ್ದುದು ಕಾಗದದ ಮೇಲಲ್ಲ, ತಾಮ್ರದ ಹಾಳೆಯ ಮೇಲೆ. ಕನ್ನಡಿಯಂತೆ ಉಜ್ಜಿದ ತಾಮ್ರದ ಮೇಲೆ ಉಕ್ಕಿನ ಚೂಪು ಉಳಿಯಿಂದ ನದಿ, ಬೆಟ್ಟ, ಊರಿನ ಹೆಸರು ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯಬೇಕು. ಎಡದ ಕರಾವಳಿ ಬಲಕ್ಕೆ, ಬಲದ್ದು ಎಡಕ್ಕೆ. ಕೊರೆದ ಗೀರಿನಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ತೇವದ ಕಾಗದವನ್ನು ಹೊದಿಸಿ, ಉರುಳೆಗಳ ನಡುವೆ ಒತ್ತಿದರೆ ಒಂದು ಪ್ರತಿ. ಮತ್ತೊಂದು ಪ್ರತಿಗೆ ಮತ್ತೆ ಮಸಿ, ಮತ್ತೆ ಒರೆಸುವಿಕೆ. ಬಣ್ಣ ಆಮೇಲೆ, ಕುಂಚದಿಂದ, ಒಂದೊಂದು ಹಾಳೆಗೂ ಕೈಯಿಂದಲೇ.

ತಪ್ಪಾದರೆ? ತಪ್ಪಿದ ಜಾಗದ ಗೀರುಗಳನ್ನು ಕೆರೆದು, ಹಿಂಬದಿಯಿಂದ ಸುತ್ತಿಗೆಯಲ್ಲಿ ತಟ್ಟಿ ತಾಮ್ರವನ್ನು ಮೇಲೆತ್ತಿ, ಉಜ್ಜಿ ಸಮ ಮಾಡಿ, ಹೊಸದಾಗಿ ಕೊರೆಯಬೇಕು. ಒಂದು ಊರಿನ ಹೆಸರು ತಿದ್ದುವುದಕ್ಕೆ ಅರ್ಧ ದಿನದ ಕೂಲಿ ಹೋದೀತು. ಹಳೆಯ ನಕಾಶೆಗಳಲ್ಲಿ ತಪ್ಪುಗಳು ಅಷ್ಟು ದೀರ್ಘಾಯುಷಿಗಳಾಗಿದ್ದುದಕ್ಕೆ ಅಜ್ಞಾನದಷ್ಟೇ ಈ ಖರ್ಚೂ ಕಾರಣ.

ವಿಜಯನಗರದ ಉದಾಹರಣೆ ಸಾಕು. ಆ ರಾಜಧಾನಿ ಹಾಳಾದದ್ದು 1565ರಲ್ಲಿ. ಆಮ್‌ಸ್ಟರ್‌ಡ್ಯಾಮಿನ ಜೊಡೋಕಸ್ ಹೊಂಡಿಯಸ್ ಎಂಬ ವ್ಯಾಪಾರಿ ನಕಾಶೆಗಾರ 1606ರಲ್ಲಿ ಹೊರತಂದ ಭಾರತದ ಹಾಳೆಯಲ್ಲಿ ‘ನರ್ಸಿಂಗ’ ರಾಜ್ಯ ಇನ್ನೂ ದೊಡ್ಡದಾಗಿ ಕೂತಿದೆ. ನರಸಿಂಹ ಎಂಬ ಅರಸನ ಹೆಸರನ್ನೇ ಪೋರ್ಚುಗೀಸರು ರಾಜ್ಯದ ಹೆಸರಾಗಿ ಕೇಳಿಸಿಕೊಂಡಿದ್ದರು, ಮುದ್ರಕರು ಅದನ್ನು ಒಬ್ಬರಿಂದೊಬ್ಬರು ನಕಲು ಮಾಡಿದರು. ‘ಬಿಸ್ನಗರ್’ ಎಂಬ ಹೆಸರೂ ಹದಿನೇಳನೆಯ ಶತಮಾನದ ಹಾಳೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಂಪಿಯಲ್ಲಿ ಮುಳ್ಳುಪೊದೆ ಬೆಳೆದಿತ್ತು. ಯೂರೋಪಿನ ಅಂಗಡಿಗಳಲ್ಲಿ ಸಾಮ್ರಾಜ್ಯ ಮಾರಾಟಕ್ಕಿತ್ತು.

ಈಗ ಲಂಡನ್ನಿಗೆ ಬರೋಣ. ಚೇರಿಂಗ್ ಕ್ರಾಸಿನಲ್ಲಿ, ಸೇಂಟ್ ಮಾರ್ಟಿನ್ಸ್ ಲೇನ್ ಬೀದಿಯ ಮೂಲೆಯಲ್ಲಿ ಒಂದು ಅಂಗಡಿ. ಅದರ ಮೊದಲ ಯಜಮಾನ ಥಾಮಸ್ ಜೆಫರಿಸ್. ರಾಜನ ಭೂಗೋಳಜ್ಞ ಎಂಬ ಬಿರುದು ಆತನಿಗಿತ್ತು, ಆದರೆ ಬಿರುದಿನಿಂದ ಹೊಟ್ಟೆ ತುಂಬುವುದಿಲ್ಲ. ಇಂಗ್ಲೆಂಡಿನ ಕೌಂಟಿಗಳನ್ನು ಸ್ವಂತ ಖರ್ಚಿನಿಂದ ಅಳೆಸಲು ಹೋಗಿ 1766ರಲ್ಲಿ ದಿವಾಳಿಯಾದ. ಅದೇ ಕಾಲದ ಇಮ್ಯಾನುಯೆಲ್ ಬೋವೆನ್ ಇಂಗ್ಲೆಂಡಿನ ಎರಡನೇ ಜಾರ್ಜ್ ಮತ್ತು ಫ್ರಾನ್ಸಿನ ಹದಿನೈದನೇ ಲೂಯಿ ಇಬ್ಬರಿಗೂ ಭೂಗೋಳಜ್ಞನಾಗಿದ್ದ. 1767ರಲ್ಲಿ ಬಡತನದಲ್ಲಿ ಸತ್ತ. ನಕಾಶೆಯ ಧಂಧೆಯಲ್ಲಿ ಬಂಡವಾಳ ಮೊದಲೇ ಹೋಗುತ್ತದೆ: ತಾಮ್ರಕ್ಕೆ, ಕೆತ್ತುವವನಿಗೆ, ಕಾಗದಕ್ಕೆ. ಕಾಸು ಹಿಂದಿರುಗುವುದು ಹಾಳೆ ಹಾಳೆಯಾಗಿ, ವರ್ಷಗಟ್ಟಲೆ.

ಜೆಫರಿಸ್ 1771ರಲ್ಲಿ ತೀರಿಕೊಂಡಾಗ ಅಂಗಡಿಯ ಹೊಣೆ ಹೊತ್ತವನು ವಿಲಿಯಂ ಫೇಡನ್. ಹುಟ್ಟಿದ್ದು 1749ರಲ್ಲಿ, ಅಂದರೆ ಆಗಿನ್ನೂ ಇಪ್ಪತ್ತೆರಡರ ಹುಡುಗ. ಕೆಲವು ವರ್ಷ ಜೆಫರಿಸನ ಮಗನೊಂದಿಗೆ ಪಾಲುದಾರಿಕೆ, ಆಮೇಲೆ ಒಬ್ಬನೇ. ಹಿಂದಿನ ಯಜಮಾನ ಕಲಿಯದ ಪಾಠವನ್ನು ಈತ ಚೆನ್ನಾಗಿ ಕಲಿತಿದ್ದ. ಯಾವ ನಕಾಶೆಗೆ ಯಾವಾಗ ಗಿರಾಕಿ ಹುಟ್ಟುತ್ತಾರೆ ಎಂಬುದು ಆತನಿಗೆ ತಿಳಿಯುತ್ತಿತ್ತು. ಅಮೆರಿಕದ ವಸಾಹತುಗಳು ದಂಗೆಯೆದ್ದಾಗ ಅಲ್ಲಿನ ಕದನಗಳ ನಕ್ಷೆಗಳನ್ನು ಒಂದರ ಹಿಂದೊಂದು ಹೊರಡಿಸಿದ, 1777ರಲ್ಲಿ ಉತ್ತರ ಅಮೆರಿಕದ ಅಟ್ಲಾಸನ್ನೇ ಮಾರಿದ. 1783ರಲ್ಲಿ ಆತನೂ ರಾಜನ ಭೂಗೋಳಜ್ಞನಾದ. ಬ್ರಿಟನ್ನಿನ ಸರ್ಕಾರಿ ಮೋಜಣಿಯ ಮೊದಲ ನಕಾಶೆ, ಕೆಂಟ್ ಪ್ರಾಂತದ್ದು, 1801ರ ಜನವರಿ 1ರಂದು ಹೊರಬಂದದ್ದೂ ಫೇಡನನ ಹೆಸರಿನಲ್ಲೇ. ಸರ್ಕಾರದ ಕೆಲಸಕ್ಕೆ ಖಾಸಗಿ ಅಂಗಡಿ ಬೇಕಾಗಿದ್ದ ಕಾಲ ಅದು.

ಅಮೆರಿಕ ಕೈತಪ್ಪಿದ ಮೇಲೆ ಇಂಗ್ಲಿಷ್ ಓದುಗನ ಕಣ್ಣು ಪೂರ್ವಕ್ಕೆ ತಿರುಗಿತು. 1790ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಮೂರನೆಯ ಮೈಸೂರು ಯುದ್ಧ ಆರಂಭವಾದಾಗ ಲಂಡನ್ನಿನ ಪತ್ರಿಕೆಗಳಲ್ಲಿ ಬೆಂಗಳೂರು, ಶ್ರೀರಂಗಪಟ್ಟಣ, ಧಾರವಾಡಗಳ ಹೆಸರು ಬರತೊಡಗಿದವು. ಸುದ್ದಿ ತಲುಪುವುದಕ್ಕೆ ತಿಂಗಳುಗಳೇ ಬೇಕಿದ್ದರೂ, ಬಂದ ಮೇಲೆ ಓದುಗ ಕೇಳುವ ಮೊದಲ ಪ್ರಶ್ನೆ: ಈ ಊರು ಎಲ್ಲಿದೆ? ಆ ಪ್ರಶ್ನೆಯೇ ಫೇಡನನ ಬಂಡವಾಳ. ‘19ನೇ ಡಿಗ್ರಿ ಉತ್ತರ ಅಕ್ಷಾಂಶದಿಂದ ಕನ್ಯಾಕುಮಾರಿಯವರೆಗೆ ಭಾರತದ ಪರ್ಯಾಯ ದ್ವೀಪ’ ಎಂಬ ಅರ್ಥದ ಉದ್ದ ಶೀರ್ಷಿಕೆಯ ಆತನ ನಕಾಶೆ 1792ರ ಇಸವಿಯನ್ನು ರೋಮನ್ ಅಂಕಿಯಲ್ಲಿ ತಲೆಯ ಮೇಲೇ ಹೊತ್ತಿದೆ.

ಶೀರ್ಷಿಕೆಯಲ್ಲೇ ಒಂದು ಲೆಕ್ಕಾಚಾರವಿದೆ. ಹತ್ತೊಂಬತ್ತನೇ ಅಕ್ಷಾಂಶ ಹೆಚ್ಚುಕಡಿಮೆ ಮುಂಬಯಿಯ ಮೇಲೆ ಹಾಯುತ್ತದೆ. ಅಲ್ಲಿಂದ ಕೆಳಗೆ ಯುದ್ಧ, ಮೇಲೆ ಆ ಹೊತ್ತಿಗೆ ಗಿರಾಕಿಗೆ ಬೇಡದ ಭಾರತ. ಸುಮಾರು 11 ಡಿಗ್ರಿಗಳ ಉದ್ದ, ಎಂದರೆ 1,200 ಕಿಲೋಮೀಟರಿಗೂ ಮೀರಿದ ನೆಲವನ್ನು ಒಂದು ನಕಾಶೆಯಲ್ಲಿ ಹಿಡಿಸಿದಾಗ ಧಾರವಾಡದಂಥ ಕೋಟೆ ಊರಿಗೆ ಒಂದು ಗುರುತು ಸಿಕ್ಕೀತು. ಬೇಲೂರಿನಂಥ ಹಳ್ಳಿಯನ್ನು ಅಲ್ಲಿ ಹುಡುಕಲು ಹೋಗುವುದು ನ್ಯಾಯವಲ್ಲ.

ಫೇಡನ್ ಭಾರತವನ್ನು ಕಂಡವನಲ್ಲ. ಹಾಗಾದರೆ ಊರುಗಳ ಜಾಗ ಅವನಿಗೆ ಹೇಗೆ ಗೊತ್ತು? ಈ ತಲೆಮಾರಿನ ನಕಾಶೆಗಾರರೆಲ್ಲ ಒರಗಿದ ದೊಡ್ಡ ಕಂಬ ಮೇಜರ್ ಜೇಮ್ಸ್ ರೆನೆಲ್. 1767ರಿಂದ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದು, ಊರಿಗೆ ಮರಳಿ 1782ರಲ್ಲಿ ಹಿಂದೂಸ್ಥಾನದ ನಕಾಶೆಯನ್ನೂ ಮರುವರ್ಷ ಅದಕ್ಕೊಂದು ಟಿಪ್ಪಣಿಗ್ರಂಥವನ್ನೂ ಹೊರತಂದವನು. ದಕ್ಷಿಣದ ಒಳನಾಡನ್ನು ರೆನೆಲ್ ಕೂಡ ನಡೆದು ನೋಡಿರಲಿಲ್ಲ. ಸೈನ್ಯ ಸಾಗಿದ ದಾರಿಗಳ ದಿನಚರಿ, ನಾವಿಕರ ಅಕ್ಷಾಂಶ, ದೂತರು ಹೇಳಿದ ಹರದಾರಿ ಲೆಕ್ಕ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಒಂದಕ್ಕೊಂದು ತಾಳೆ ನೋಡುವುದು ಆತನ ರೀತಿ. ಸೈನ್ಯದೊಂದಿಗೆ ಒಂದು ಚಕ್ರವನ್ನು ತಳ್ಳಿಕೊಂಡು ಹೋಗುತ್ತಿದ್ದರು. ಅದರ ಸುತ್ತುಗಳ ಎಣಿಕೆಯೇ ದಾರಿಯ ಉದ್ದ. ಚಕ್ರ ಹೋದ ಕಡೆ ನಕಾಶೆ ತುಂಬಿತು. ಹೋಗದ ಕಡೆ ಖಾಲಿ ಉಳಿಯಿತು, ಇಲ್ಲವೇ ಹಳೆಯ ನಕಲಿನಿಂದ ತುಂಬಿಕೊಂಡಿತು.

ಆದ್ದರಿಂದ ಧಾರವಾಡ ಇಂಗ್ಲಿಷ್ ನಕಾಶೆಗಳಲ್ಲಿ ಸ್ಪಷ್ಟವಾದದ್ದು ತನ್ನ ಪೇಟೆಗಾಗಿಯಲ್ಲ, ವಿದ್ಯೆಗಾಗಿಯಂತೂ ಅಲ್ಲ. ಒಂದು ಮುತ್ತಿಗೆಗಾಗಿ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೇನೆ, ಜೊತೆಗೆ ಕ್ಯಾಪ್ಟನ್ ಲಿಟಲ್ ಎಂಬವನ ಮುಂಬಯಿ ತುಕಡಿ, ಧಾರವಾಡದ ಕೋಟೆಯ ಮುಂದೆ ಬೀಡು ಬಿಟ್ಟವು. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಕೋಟೆ ಆರು ತಿಂಗಳು ಮೀರಿ ನಿಂತಿತು. ಮುತ್ತಿಗೆಗೆ ನೆರವಾಗಿ ಬಂದ ಕರ್ನಲ್ ಫ್ರೆಡರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಇಲ್ಲಿಯೇ ಸತ್ತ. ಕೋಟೆಯವರು ಶರತ್ತಿನ ಮೇಲೆ ಹೊರಬಂದದ್ದು 1791ರ ಏಪ್ರಿಲ್ ಆರಂಭದಲ್ಲಿ.

ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣ ಲೆಫ್ಟಿನೆಂಟ್ 1794ರಲ್ಲಿ ಈ ದಂಡಯಾತ್ರೆಯ ಕಥೆಯನ್ನು ಲಂಡನ್ನಿನಲ್ಲಿ ಅಚ್ಚು ಮಾಡಿಸಿದ. ಮರಾಠರ ತೋಪಿನವರ ವೈಖರಿಯನ್ನು ಆತ ಬಣ್ಣಿಸುವ ಭಾಗ ಇಂದಿಗೂ ನಗೆ ಬರಿಸುತ್ತದೆ: ಒಮ್ಮೆ ಮದ್ದು ತುಂಬಿದರೆ ಎಲ್ಲರೂ ಕೂತು ಅರ್ಧ ಗಂಟೆ ಹೊಗೆ ಸೇದುತ್ತ ಹರಟೆ, ಆಮೇಲೆ ಒಂದು ಗುಂಡು, ಮತ್ತೆ ಹರಟೆ. ಮಧ್ಯಾಹ್ನವಾದರೆ ಎರಡೂ ಕಡೆಯವರಿಗೆ ಊಟದ ಬಿಡುವು. ಇದರಲ್ಲಿ ಇಂಗ್ಲಿಷರ ಬಿಗುಮಾನವೂ ಬೆರೆತಿದೆ ಎಂಬುದನ್ನು ಮರೆಯಬಾರದು. ಅವರ ತೋಪುಗಳಿಂದಲೂ ಕೋಟೆಯೇನೂ ವಾರದಲ್ಲಿ ಬಿದ್ದಿರಲಿಲ್ಲ. ಈ ಬರಹಗಳಲ್ಲಿ ಧಾರವಾಡ ‘ಡಾರ್ವಾರ್’, ಹುಬ್ಬಳ್ಳಿ ‘ಹೂಬ್ಲಿ’. ಮೂರ್ ಮುಂದೆ ಹಿಂದೂ ದೇವತೆಗಳ ಮೇಲೆ ದೊಡ್ಡ ಗ್ರಂಥ ಬರೆದು ಅದರಿಂದಲೇ ಹೆಸರಾದ. ಧಾರವಾಡದ ಕಿಲ್ಲೆಯದು ಇಂದು ಹೆಬ್ಬಾಗಿಲು, ಹೆಸರು ಎರಡೇ ಹೆಚ್ಚಾಗಿ ಉಳಿದಿರುವುದು.

1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಧಾರವಾಡದ ಸೀಮೆ ಮರಾಠರಿಗೆ ಹೋಗಿ, ಮೈಸೂರಿನ ಗಡಿ ತುಂಗಭದ್ರೆಗೆ ಸರಿಯಿತು. ಒಪ್ಪಂದದ ಪ್ರಕಾರ ಗಡಿಗಳನ್ನು ತೋರಿಸುವ ಪರ್ಯಾಯ ದ್ವೀಪದ ನಕಾಶೆಗೆ ರೆನೆಲ್ 1793ರಲ್ಲಿ ಒಂದು ಟಿಪ್ಪಣಿಗ್ರಂಥ ಹೊರಡಿಸಿದ. ಮತ್ತೆ ಆರು ವರ್ಷ ಕಳೆಯುವುದರೊಳಗೆ, 1799ರ ಮೇ 4ರಂದು, ಟಿಪ್ಪು ಮಡಿದ. ಅರ್ಧ ಉಳಿದಿದ್ದ ರಾಜ್ಯ ಮತ್ತೆ ಹೋಳಾಯಿತು. 1800ರಲ್ಲಿ ಫೇಡನ್ ಅದೇ ನಕಾಶೆಯನ್ನು ತಿದ್ದುಪಡಿಗಳೊಂದಿಗೆ ಮತ್ತೆ ಅಂಗಡಿಗಿಟ್ಟ.

ಇಲ್ಲಿ ಕಸುಬಿನ ಒಂದು ಜಾಣತನ ಗಮನಿಸಬೇಕು. ಬೆಟ್ಟ, ನದಿ, ಊರು ತಾಮ್ರದಲ್ಲಿರುತ್ತವೆ. ರಾಜ್ಯಗಳು ಬಹುಮಟ್ಟಿಗೆ ಬಣ್ಣದಲ್ಲಿರುತ್ತವೆ. ಒಪ್ಪಂದ ಬದಲಾದರೆ ಬಣ್ಣ ಹಚ್ಚುವವರಿಗೆ ಹೊಸ ಸೂಚನೆ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ನಿನ್ನೆ ಹಸಿರಾಗಿದ್ದ ಸೀಮೆ ಇವತ್ತು ಹಳದಿ. ಇಂಥ ಸಂದರ್ಭದಲ್ಲಿ ಆ ಸೀಮೆಯ ಒಕ್ಕಲಿಗ ಯಾರಿಗೆ ಕಂದಾಯ ಕಟ್ಟಬೇಕೆಂಬುದು ಕುಂಚದ ಒಂದು ಎಳೆತಕ್ಕೆ ಇಳಿದಿರುತ್ತದೆ. ಅದೇ ಕಾರಣಕ್ಕೆ ಹಳೆಯ ಹಾಳೆಯನ್ನು ಓದುವಾಗ ಅಚ್ಚಿನ ತಾರೀಖನ್ನೂ ಬಣ್ಣದ ತಾರೀಖನ್ನೂ ಒಂದೇ ಎಂದು ನಂಬಬಾರದು. ಎಷ್ಟೋ ಹಾಳೆಗಳಿಗೆ ಇತ್ತೀಚಿನ ವ್ಯಾಪಾರಿಗಳು ಬಣ್ಣ ಹಚ್ಚಿದ್ದಾರೆ, ಏಕೆಂದರೆ ಗೋಡೆಗೆ ತೂಗುಹಾಕುವವರಿಗೆ ಬಣ್ಣ ಬೇಕು.

ಹಾಳೆಯ ಅಂಚಿನಲ್ಲಿ ‘ಕಾಯಿದೆ ನಿರ್ದೇಶಿಸಿದಂತೆ ಪ್ರಕಟಿಸಲಾಗಿದೆ’ ಎಂಬರ್ಥದ ಸಾಲು ಆ ಕಾಲದ ಇಂಗ್ಲಿಷ್ ನಕಾಶೆಗಳಲ್ಲಿ ಸಾಮಾನ್ಯ. ಕೆತ್ತನೆಗಾರರ ಹಕ್ಕಿಗಾಗಿ 1735ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಕಾಯಿದೆಯನ್ನು 1767ರಲ್ಲಿ ನಕಾಶೆಗಳಿಗೂ ವಿಸ್ತರಿಸಿ, 28 ವರ್ಷಗಳ ರಕ್ಷಣೆ ಕೊಟ್ಟರು. ನಾಡನ್ನು ಅಳೆದವರಿಗೆ, ದಾರಿ ಹೇಳಿದ ಹರಕಾರನಿಗೆ, ಚಕ್ರ ತಳ್ಳಿದ ಕೂಲಿಗೆ ಈ ಹಕ್ಕಿನಲ್ಲಿ ಪಾಲಿರಲಿಲ್ಲ. ಹಾಳೆಯಲ್ಲಿ ಅವರ ಹೆಸರೂ ಇಲ್ಲ.

ಇಷ್ಟೆಲ್ಲ ಆದ ಮೇಲೆ, ಕನ್ನಡಿಗನೊಬ್ಬ ಈ ಬಗೆಯ ನಕಾಶೆಯ ಮುಂದೆ ನಿಂತು ಮೊದಲು ಹುಡುಕುವ ಹೆಸರು ಯಾವುದು? ಕರ್ನಾಟಕ. ಅದು ಸಿಗುತ್ತದೆ. ಆದರೆ ಸಿಗುವುದು ತಪ್ಪು ದಿಕ್ಕಿನಲ್ಲಿ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ನಕಾಶೆಗಳಲ್ಲಿ ‘ಕರ್ನಾಟಿಕ್’ ಎಂಬ ಅಕ್ಷರಗಳು ಹರಡಿರುವುದು ಆರ್ಕಾಟಿನ ನವಾಬನ ಸೀಮೆಯ ಮೇಲೆ, ಪೂರ್ವ ಕರಾವಳಿಯ ತಮಿಳು ನೆಲದ ಮೇಲೆ. ಇಂಗ್ಲಿಷರೂ ಫ್ರೆಂಚರೂ 1746ರಿಂದ 1763ರವರೆಗೆ ಹೊಡೆದಾಡಿದ ಕರ್ನಾಟಿಕ್ ಯುದ್ಧಗಳು ನಡೆದದ್ದೂ ಅಲ್ಲಿಯೇ. ಇತ್ತ ನಿಜವಾದ ಕನ್ನಡ ನಾಡಿನ ಮೇಲೆ ಮೈಸೂರು, ಬಿದನೂರು, ಸೋಂದೆ, ಬಿಜಾಪುರ, ಕರಾವಳಿಗೆ ‘ಕೆನರಾ’ ಹೀಗೆ ಚೂರು ಚೂರು ಹೆಸರು.

ಇದು ಹೇಗಾಯಿತು? ಹೆಸರು ರಾಜ್ಯದ ಬೆನ್ನು ಹತ್ತಿ ಹೋಯಿತು. ವಿಜಯನಗರದ ಅರಸರದು ಕರ್ಣಾಟ ಸಾಮ್ರಾಜ್ಯ. 1565ರ ನಂತರ ಅವರ ರಾಜಧಾನಿ ಪೆನುಕೊಂಡೆ, ಚಂದ್ರಗಿರಿ, ವೆಲ್ಲೂರು ಎಂದು ಆಗ್ನೇಯಕ್ಕೆ ಸರಿಯುತ್ತ ಹೋಯಿತು, ಹೆಸರೂ ಜೊತೆಗೆ ಸರಿಯಿತು. ಬಿಜಾಪುರ, ಗೋಲ್ಕೊಂಡದ ಸೇನಾಪತಿಗಳು ಅವರಿಂದ ಗೆದ್ದ ನೆಲವನ್ನೆಲ್ಲ ಕರ್ನಾಟಕವೆಂದೇ ಕರೆದು, ಘಟ್ಟದ ಮೇಲಿನದನ್ನು ಬಾಲಾಘಾಟ್, ಕೆಳಗಿನದನ್ನು ಪಾಯಿನ್‌ಘಾಟ್ ಎಂದರು. ಮೇಲಿನ ಭಾಗ ಮೈಸೂರಿನವರ ಕೈಸೇರಿ ಆ ಹೆಸರು ಪಡೆಯಿತು. ಇಂಗ್ಲಿಷರು ವ್ಯಾಪಾರ ಮಾಡುತ್ತಿದ್ದುದು ಕೆಳಗಿನ ಭಾಗದಲ್ಲಿ, ಅವರಿಗೆ ಅದೊಂದೇ ಕರ್ನಾಟಿಕ್ ಆಗಿ ಉಳಿಯಿತು. ರೆನೆಲ್‌ಗೆ ಇದು ಗೊತ್ತಿತ್ತು. ಹಿಂದೆ ಕರ್ನಾಟಿಕ್ ಎಂಬುದು ತುಂಗಭದ್ರೆಯಿಂದ ದಕ್ಷಿಣಕ್ಕೆ ಘಟ್ಟದ ಮೇಲೂ ಕೆಳಗೂ ಹರಡಿತ್ತೆಂದು ತನ್ನ ಗ್ರಂಥದಲ್ಲಿ ವಿವರಿಸಿಯೂ ಇದ್ದಾನೆ. ಅಲ್ಲೂ ತುಂಗಭದ್ರೆಯೇ ಎಲ್ಲೆ, ಧಾರವಾಡ ಹೊರಗೇ. ಅದಿರಲಿ. ಗ್ರಂಥ ಓದಿದವರು ಕೆಲವರು, ಹಾಳೆ ನೋಡಿದವರು ಸಾವಿರಾರು. ಪುಸ್ತಕದ ಪುಟದಲ್ಲಿದ್ದ ತಿಳಿವಳಿಕೆ ತಾಮ್ರಕ್ಕೆ ಇಳಿಯಲಿಲ್ಲ. ‘ಕೆನರಾ’ದ ಕಥೆ ಇನ್ನೂ ವಿಚಿತ್ರ. ಪೋರ್ಚುಗೀಸರು ಗೋವೆಯ ಜನರನ್ನೇ ‘ಕನಾರಿಂ’ ಎಂದರು. 1640ರಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸ್ ಪಾದ್ರಿಯ ‘ಕನಾರಿಂ’ ವ್ಯಾಕರಣ ಕನ್ನಡದ್ದಲ್ಲ, ಕೊಂಕಣಿಯದ್ದು.

ಪೇಟೆಯ ನಕಾಶೆಯೊಂದರ ಅಕ್ಷರ ಎಲ್ಲಿ ಬಿದ್ದರೇನು ಎನ್ನಬಹುದು. ಆದರೆ ಇದೇ ಧಾರವಾಡದಲ್ಲಿ ಆಲೂರು ವೆಂಕಟರಾಯರಂಥವರು ‘ನಮ್ಮ ನಾಡು ಎಲ್ಲಿದೆ’ ಎಂಬ ಪ್ರಶ್ನೆಯನ್ನೇ ಮೊದಲು ಇತ್ಯರ್ಥ ಮಾಡಬೇಕಾಗಿ ಬಂತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಧಾರವಾಡ ಇಂಗ್ಲಿಷರ ಕೈಸೇರಿ, ಮುಂದೆ ಮುಂಬಯಿ ಪ್ರಾಂತದ ಬಣ್ಣ ಹೊತ್ತುಕೊಂಡಿತು. ಬಳ್ಳಾರಿ ಮದರಾಸಿನ ಬಣ್ಣದಲ್ಲಿ, ರಾಯಚೂರು ನಿಜಾಮನದರಲ್ಲಿ, ಕೊಡಗಿಗೆ ತನ್ನದೇ ಒಂದು ಬಣ್ಣ, ನಡುನಡುವೆ ಸವಣೂರು, ಜಮಖಂಡಿ, ರಾಮದುರ್ಗಗಳಂಥ ಸಂಸ್ಥಾನಗಳ ಚುಕ್ಕೆಗಳು. ಶಾಲೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಕರ್ನಾಟಕ ಎಂಬ ಆಕಾರವನ್ನು ಯಾವ ಹುಡುಗನೂ ನೋಡಿರಲಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರ ‘ಕರ್ನಾಟಕ ಗತವೈಭವ’, 1953ರಲ್ಲಿ ಹುಬ್ಬಳ್ಳಿಯ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕೂತ ಉಪವಾಸ, ಇವೆಲ್ಲ ಒಂದು ಅರ್ಥದಲ್ಲಿ ಆ ಆಕಾರವನ್ನು ಕೊರೆಯುವ ಕೆಲಸವೇ. 1956ರ ನವೆಂಬರ್ 1ರಂದು ಆಕಾರ ಬಂತು. ಹೆಸರು ತನ್ನ ಜಾಗಕ್ಕೆ ಮರಳಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಗಡಿಯ ಮಾತು ಬಂದಾಗ ಹಳೆಯ ನಕಾಶೆಗಳನ್ನು ಹಿಡಿದು ವಾದಿಸುವವರು ಎರಡೂ ಕಡೆ ಇದ್ದಾರೆ. ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಂದಿನಿಂದ ಈ ಉತ್ಸಾಹ ಹೆಚ್ಚು. ಆಫ್ರಿಕದ ಬುರ್ಕಿನಾ ಫಾಸೋ ಮತ್ತು ಮಾಲಿ ದೇಶಗಳ ಗಡಿ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ಕೊಟ್ಟ ತೀರ್ಪು ಇಂಥವರು ಓದಬೇಕಾದದ್ದು: ನಕಾಶೆ ಒಂದು ಮಾಹಿತಿ ಮಾತ್ರ, ಅದರ ನಿಖರತೆ ಪ್ರಸಂಗದಿಂದ ಪ್ರಸಂಗಕ್ಕೆ ಬೇರೆ, ತನ್ನಷ್ಟಕ್ಕೇ ಅದು ನೆಲದ ಮೇಲೆ ಹಕ್ಕು ಕೊಡಲಾರದು. ಫೇಡನನ ಅಂಗಡಿಯನ್ನು ಬಲ್ಲವರಿಗೆ ಈ ತೀರ್ಪು ಆಶ್ಚರ್ಯ ತರುವುದಿಲ್ಲ. ಆತ ಸಾಕ್ಷಿ ಹೇಳಲು ಕೂತವನಲ್ಲ, ಗಿರಾಕಿಗೆ ಮಾರಲು ಕೂತವನು.

ಖಾಸಗಿ ಅಂಗಡಿಗಳ ಈ ಕಾಲ ಹೆಚ್ಚು ದಿನ ಉಳಿಯಲಿಲ್ಲ. ಲಂಡನ್ನಿನ ಇನ್ನೊಬ್ಬ ವ್ಯಾಪಾರಿ ಏರನ್ ಆ್ಯರೋಸ್ಮಿತ್ 1822ರಲ್ಲಿ ದಕ್ಷಿಣ ಭಾರತದ ಅಟ್ಲಾಸನ್ನು ಹೊರತಂದ. ಅದರ ಹಿಂದೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯಲ್ಲಿ ನಡೆಸಿದ ಮೋಜಣಿ, ವಿಲಿಯಂ ಲ್ಯಾಂಬ್ಟನ್ ಬಿಡಿಸಿದ ತ್ರಿಕೋನಗಳು ಇದ್ದವು. ಇಂಚಿಗೆ ನಾಲ್ಕು ಮೈಲಿ ಪ್ರಮಾಣ. ಆ ಲೆಕ್ಕದಲ್ಲಿ ಧಾರವಾಡ ಹುಬ್ಬಳ್ಳಿಗಳ ನಡುವೆ ಸುಮಾರು ಮೂರು ಇಂಚು ಜಾಗ ಸಿಗುತ್ತದೆ, ಹಳ್ಳಿಗಳಿಗೂ ಎಡೆಯಾಗುತ್ತದೆ. ಇದನ್ನು ಕಂಡ ಕಂಪನಿ ಸರ್ಕಾರ ಇಡೀ ಭಾರತವನ್ನು ಅದೇ ಪ್ರಮಾಣದಲ್ಲಿ ತಾನೇ ಅಚ್ಚು ಹಾಕಿಸಲು ಹೊರಟಿತು. ಆ್ಯರೋಸ್ಮಿತ್ 1823ರಲ್ಲಿ ಸತ್ತ. ಅದೇ ವರ್ಷ ಫೇಡನ್ ನಿವೃತ್ತನಾಗಿ, ಅಂಗಡಿ ಜೇಮ್ಸ್ ವೈಲ್ಡ್‌ನ ಕೈಸೇರಿತು. ಫೇಡನ್ ಸತ್ತದ್ದು 1836ರಲ್ಲಿ, ಜೆಫರಿಸನಂತೆ ದಿವಾಳಿಯಾಗದೆ.

ಫೇಡನನ ಹಾಳೆಗಳನ್ನು ನೋಡಲು ಈಗ ಲಂಡನ್ನಿಗೆ ಹೋಗಬೇಕಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಡೇವಿಡ್ ರಮ್ಸೆ ಸಂಗ್ರಹದಂಥವು ಹಳೆಯ ನಕಾಶೆಗಳನ್ನು ಕಂಪ್ಯೂಟರ್ ಪರದೆಗೇ ತಂದುಕೊಡುತ್ತವೆ. ಯಾರಾದರೂ ಹಳೆಯ ಹಾಳೆ ಮಾರಲು ಬಂದರೆ ಮಾತ್ರ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ತಾಮ್ರದ ಫಲಕ ಒತ್ತಿದ ತಗ್ಗು ಸುತ್ತಲೂ ಕೈಗೆ ಹತ್ತಬೇಕು. ನುಣುಪಾಗಿದ್ದರೆ ಅದು ಫೋಟೋ ಮುದ್ರಣ ಇರಬಹುದು, ಇಲ್ಲವೇ ಅಂಚು ಕತ್ತರಿಸಿದ್ದಿರಬಹುದು. ಮಡಿಕೆಯ ಗುರುತು ನಡುವೆ ಇದ್ದರೆ ಯಾವುದೋ ಅಟ್ಲಾಸನ್ನು ಹರಿದು ಮಾರುತ್ತಿದ್ದಾರೆಂದೇ ಹೆಚ್ಚಿನ ಸಲ ಅರ್ಥ.

ಬೇಲೂರಿನ ವಿಳಾಸ ಬೇಕಾದವರು ಸರ್ವೇ ಆಫ್ ಇಂಡಿಯಾದ ಹಾಳೆಗಳಿಗೆ ಹೋಗಬೇಕು. ಅಲ್ಲೂ ಒಂದು ತೊಡಕಿದೆ. 75ನೇ ರೇಖಾಂಶ ಧಾರವಾಡ ನಗರವನ್ನು ಸವರಿಕೊಂಡೇ ಹೋಗುತ್ತದೆ, ಹಳೆಯ ಸಂಖ್ಯಾಕ್ರಮದ ಹಾಳೆಗಳು ಸರಿಯಾಗಿ ಅಲ್ಲಿಯೇ ತುಂಡಾಗುತ್ತವೆ. ವಾಯವ್ಯದ ಬೇಲೂರು 48 ಐ ಹಾಳೆಗೆ, ಆಗ್ನೇಯದ ಹುಬ್ಬಳ್ಳಿ 48 ಎಂ ಹಾಳೆಗೆ. ಇಲ್ಲಿ ಪಾಳಿ ಮುಗಿಸಿ ಹುಬ್ಬಳ್ಳಿಯ ಮನೆಗೆ ಹೋಗುವವರ ದಾರಿಯನ್ನು ಪೂರ್ತಿ ನೋಡಬೇಕಾದರೆ ಎರಡು ಹಾಳೆಗಳನ್ನು ಪಕ್ಕಪಕ್ಕ ಅಂಟಿಸಿಕೊಳ್ಳಬೇಕು.